ಎರಡೂವರೆ ಇಂಚು ಮೇಲೆತ್ತಿದರೆ: ಕಡಲ ತಳದ ಮೇಲಿನ ಟ್ರಾಲ್ ಭಾರವನ್ನು ಇಳಿಸುವ ಲೆಕ್ಕ

ಬೋಟಿನ ಹಿಂದೆ ಬಲೆ ಕಟ್ಟಿ ಕಡಲ ತಳಕ್ಕೆ ತಾಗಿಸಿ ಎಳೆಯುವ ಟ್ರಾಲಿಂಗ್ ಅಂದ ಕೂಡಲೇ ಎಲ್ಲರೂ ಬಲೆಯ ಬಗ್ಗೆ ಮಾತಾಡುತ್ತಾರೆ. ಬಲೆಯ ಕಣ್ಣು ಎಷ್ಟು ದೊಡ್ಡದು, ಮರಿ ಮೀನು ಎಷ್ಟು ಸಿಕ್ಕಿಬಿದ್ದವು, ಹೀಗೆ. ಆದರೆ ಕಡಲ ತಳಕ್ಕೆ ಹೋಗಿ ನೋಡಿದರೆ ಕತೆ ಬೇರೆ. ಚಪ್ಪಟೆ ಮೀನು ಹಿಡಿಯುವ ದೊಡ್ಡ ಟ್ರಾಲ್ ಒಂದು ಉಜ್ಜಿಕೊಂಡು ಹೋಗುವ ಅಗಲದಲ್ಲಿ ಬಲೆಯ ಪಾಲು ಬಹಳ ಸಣ್ಣದು. ಸುಮಾರು 90% ಜಾಗವನ್ನು ಉಜ್ಜುವುದು ಬಲೆಯ ಮುಂದಿರುವ ಹಗ್ಗಗಳು.

ಇದು ಅರ್ಥವಾಗಬೇಕಾದರೆ ಟ್ರಾಲ್ ಹೇಗೆ ಕೆಲಸ ಮಾಡುತ್ತದೆ ಅಂತ ಒಮ್ಮೆ ನೋಡಬೇಕು. ಬೋಟಿನ ಹಿಂದಿನಿಂದ ಎರಡು ಉಕ್ಕಿನ ಹಗ್ಗಗಳು ನೀರಿಗೆ ಇಳಿಯುತ್ತವೆ. ಒಂದೊಂದರ ತುದಿಗೂ ಒಂದೊಂದು ಭಾರದ ಬೋರ್ಡು. ಬೋರ್ಡನ್ನು ಓರೆಯಾಗಿ ಕಟ್ಟಿರುತ್ತಾರೆ. ನೀರಿನ ಒತ್ತಡಕ್ಕೆ ಒಂದು ಎಡಕ್ಕೆ ಸರಿಯುತ್ತದೆ, ಇನ್ನೊಂದು ಬಲಕ್ಕೆ. ಬಲೆಯ ಬಾಯಿ ಅಗಲಿಸಿಕೊಂಡು ನಿಲ್ಲುವುದು ಹೀಗೆ. ಬೋರ್ಡಿನಿಂದ ಬಲೆಯವರೆಗೆ ಇರುವ ಉದ್ದನೆಯ ಹಗ್ಗಕ್ಕೆ ಸ್ವೀಪ್ ಅನ್ನುತ್ತಾರೆ. ಕೆಲವು ಬೋಟುಗಳಲ್ಲಿ ಇದು ನೂರಾರು ಮೀಟರ್ ಉದ್ದ ಇರುತ್ತದೆ. ಸ್ವೀಪ್ ತಳದ ಮೇಲೆ ಹರಿದು ಬರುವಾಗ ಮೀನು ಹೆದರಿ ನಡುವಿಗೆ ಸರಿಯುತ್ತದೆ. ಕುರಿಮಂದೆಯನ್ನು ಎರಡೂ ಕಡೆಯಿಂದ ಒತ್ತರಿಸಿಕೊಂಡು ದೊಡ್ಡಿಯ ಬಾಗಿಲಿಗೆ ತಂದ ಹಾಗೆ. ಕೊನೆಗೆ ಬಲೆಯ ಕೆಳ ಅಂಚು ಬರುತ್ತದೆ. ಅದಕ್ಕೆ ಸರಪಳಿಯನ್ನೋ ರಬ್ಬರ್ ಗಾಲಿಗಳನ್ನೋ ಕಟ್ಟಿರುತ್ತಾರೆ. ಅದರ ಹಿಂದೆ ಮೀನು ತುಂಬುವ ಚೀಲ.

ಹಾಗಾಗಿ ‘ಟ್ರಾಲ್‌ನಿಂದ ತಳ ಹಾಳಾಗುತ್ತದೆ’ ಅನ್ನುವ ಒಂದು ಮಾತಿನೊಳಗೆ ಮೂರು ಬೇರೆ ಬೇರೆ ಸಂಗತಿಗಳಿವೆ. ಬೋರ್ಡು ಅಗೆಯುತ್ತದೆ. ಅದು ಹೋಗುವ ದಾರಿ ಕಿರಿದು, ಆದರೆ ಗುಂಡಿ ಆಳ. ಸ್ವೀಪ್ ಉಜ್ಜುತ್ತದೆ. ಆಳ ಕಡಿಮೆ, ಅಗಲ ವಿಪರೀತ. ಬಲೆಯ ಅಂಚು ಇವೆರಡರ ನಡುವೆ. ಮೂರಕ್ಕೂ ಒಂದೇ ಮದ್ದು ಇಲ್ಲ.

ಈ ದೂರು ಹೊಸದೇನಲ್ಲ. 1376ರ ಹೊತ್ತಿಗೇ ಇಂಗ್ಲೆಂಡಿನಲ್ಲಿ ದೊರೆ ಮೂರನೇ ಎಡ್ವರ್ಡ್‌ಗೆ ಒಂದು ಮನವಿ ಹೋಗಿತ್ತು. ‘ವಾಂಡಿರೆಚಾನ್’ ಅನ್ನುವ ಹೊಸ ಬಗೆಯ ಎಳೆಬಲೆ ಬಂದಿದೆ, ಅದು ನೀರಿನ ಕೆಳಗಿನ ನೆಲದ ಗಿಡಗಂಟಿಯನ್ನೆಲ್ಲ ಹಾಳು ಮಾಡುತ್ತಿದೆ ಅಂತ. ಮನವಿ ಕೊಟ್ಟವರೂ ಕಡಲನ್ನೇ ನಂಬಿ ಬದುಕುವ ಜನ. ಆರೂವರೆ ಶತಮಾನ ಕಳೆದರೂ ಅದೇ ದೂರು ಉಳಿದಿದೆ. ಬದಲಾಗಿರುವುದು ಇಂಜಿನ್ನಿನ ಶಕ್ತಿ.

ತಳದಲ್ಲಿ ಇರುವುದು ಸುಮ್ನೆ ಮಣ್ಣು ಅಂದುಕೊಳ್ಳಬೇಡಿ. ಆ ಕೆಸರಿನೊಳಗೆ ಹುಳುಗಳು ಬಿಲ ತೋಡುತ್ತವೆ. ಚಿಪ್ಪಿನ ಜೀವಿಗಳು ನೀರನ್ನು ಸೋಸುತ್ತವೆ. ಬಿಲದ ದಾರಿಯಲ್ಲಿ ಉಸಿರುಗಾಳಿ ಕೆಳಗಿಳಿಯುತ್ತದೆ. ಸ್ಪಂಜು, ಹವಳ, ಕಡಲ ಗರಿಗಳು ಮೇಲೆದ್ದು ನಿಂತು ಮರಿ ಮೀನಿಗೆ ಮರೆ ಕೊಡುತ್ತವೆ. ನಾವು ಹಿಡಿಯುವ ಮೀನಿನ ಊಟವೂ ಮನೆಯೂ ಅಲ್ಲೇ ಇದೆ. ಹಾಗಂತ ಟ್ರಾಲಿಂಗ್ ಪೂರ್ತಿ ನಿಲ್ಲಿಸಿಬಿಡಿ ಅನ್ನುವುದು ಸುಲಭದ ಮಾತಲ್ಲ. ಜಗತ್ತಿನ ಕಡಲುಗಳಲ್ಲಿ ಹಿಡಿಯುವ ಮೀನಿನ ಸುಮಾರು ಕಾಲು ಭಾಗ ಬರುವುದು ತಳಕ್ಕೆ ತಾಗಿಸಿ ಎಳೆಯುವ ಬಲೆಗಳಿಂದಲೇ. ಕೆಸರಿನ ಮೇಲಿರುವ ಸಿಗಡಿಯನ್ನೂ ಚಪ್ಪಟೆ ಮೀನನ್ನೂ ಅಷ್ಟು ಪ್ರಮಾಣದಲ್ಲಿ ಹಿಡಿಯುವ ಬೇರೆ ದಾರಿ ಎಲ್ಲ ಕಡೆ ಇಲ್ಲ. ಆದ್ದರಿಂದ ಬಲೆಯನ್ನೇ ತಿದ್ದಿ ಹಾನಿಯನ್ನು ಎಷ್ಟು ಇಳಿಸಬಹುದು ಅನ್ನುವುದು ಗಂಭೀರವಾಗಿ ಕೇಳಬೇಕಾದ ಪ್ರಶ್ನೆ.

2017ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಸೇರಿ ಆವರೆಗಿನ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಅಳೆದರು. ಬೋರ್ಡು ಕಟ್ಟಿದ ಸಾಮಾನ್ಯ ಟ್ರಾಲ್ ಒಂದು ಸಲ ಹೋದರೆ ತಳದ ಜೀವಿಗಳಲ್ಲಿ ಸುಮಾರು 6% ನಾಶವಾಗುತ್ತವೆ. ಅದು ಸರಾಸರಿ 2.4 ಸೆಂಟಿಮೀಟರ್ ಆಳಕ್ಕೆ ಇಳಿಯುತ್ತದೆ. ಬಾಯಿ ತೆರೆದಿಡಲು ಅಡ್ಡತೊಲೆ ಹಾಕಿದ ಬೀಮ್ ಟ್ರಾಲ್ 14% ನಾಶ ಮಾಡುತ್ತದೆ, 2.7 ಸೆಂಟಿಮೀಟರ್ ಇಳಿಯುತ್ತದೆ. ಚಿಪ್ಪಿನ ಜೀವಿಗಳನ್ನು ಬಾಚುವ ಡ್ರೆಜ್ 20%, ಆಳ 5.5 ಸೆಂಟಿಮೀಟರ್. ನೀರನ್ನು ರಭಸದಿಂದ ಚಿಮ್ಮಿಸಿ ಅಗೆಯುವ ಹೈಡ್ರಾಲಿಕ್ ಡ್ರೆಜ್ ಅಂತೂ 41%, ಆಳ 16.1 ಸೆಂಟಿಮೀಟರ್. ಎಷ್ಟು ಆಳಕ್ಕೆ ಇಳಿಯುತ್ತದೋ ಅಷ್ಟು ಹಾನಿ ಅನ್ನುವುದು ಈ ಸಂಖ್ಯೆಗಳಲ್ಲಿ ಎದ್ದು ಕಾಣುತ್ತದೆ. ಅಂದರೆ ಪ್ರತಿ ಸೆಂಟಿಮೀಟರಿಗೂ ಬೆಲೆ ಇದೆ. ಟ್ರಾಲಿಂಗ್ ನಿಂತ ಮೇಲೆ ಅರ್ಧಕ್ಕೆ ಇಳಿದ ಜೀವರಾಶಿ ಮತ್ತೆ 95%ಗೆ ಬರಲು 1.9ರಿಂದ 6.4 ವರ್ಷ ಬೇಕು ಅಂತಲೂ ಅದೇ ಅಧ್ಯಯನ ಲೆಕ್ಕ ಹಾಕಿತು. ಮರಳು, ಕೆಸರಿನ ಸಾಮಾನ್ಯ ತಳದ ಮಾತು ಇದು. ಹವಳದ ಮಾತು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿಂದ ಒಂದು ಸರಳ ಲೆಕ್ಕ ಸಿಗುತ್ತದೆ. ಒಂದು ಸಲ ಎಳೆದರೆ ಎಷ್ಟು ಹಾನಿ, ವರ್ಷಕ್ಕೆ ಎಷ್ಟು ಸಲ ಎಳೆಯುತ್ತಾರೆ, ತಳ ಎಷ್ಟು ಬೇಗ ಚೇತರಿಸಿಕೊಳ್ಳುತ್ತದೆ. ಈ ಮೂರೇ. ಚೇತರಿಕೆಯ ವೇಗ ನಮ್ಮ ಕೈಯಲ್ಲಿಲ್ಲ. ಮೊದಲ ಎರಡು ನಮ್ಮ ಕೈಯಲ್ಲಿವೆ. ಒಂದು ಸಲದ ಹಾನಿಯನ್ನು ಅರ್ಧ ಮಾಡಿದರೆ ಎಳೆಯುವ ಸಲಗಳನ್ನು ಅರ್ಧ ಮಾಡಿದಷ್ಟೇ ಫಲ.

ಆದರೆ ಇಲ್ಲೊಂದು ಬಲೆ ಇದೆ, ಬಹಳ ಜನ ಇದರಲ್ಲಿ ಸಿಕ್ಕಿಬೀಳುತ್ತಾರೆ. ಬೋರ್ಡು, ಹಗ್ಗ, ಬಲೆ ಎಲ್ಲ ಸೇರಿದ ಮೀನು ಹಿಡಿಯುವ ಸಾಮಗ್ರಿಗೆ ಗೇರ್ ಅನ್ನುತ್ತಾರೆ. ಹಳೆಯ ಗೇರಿನಲ್ಲಿ ಗಂಟೆಗೆ 100 ಕಿಲೋ ಮೀನು ಸಿಗುತ್ತದೆ ಅಂದುಕೊಳ್ಳಿ. 1,000 ಕಿಲೋ ಬೇಕಾದರೆ 10 ಗಂಟೆ ಎಳೆಯಬೇಕು. ಈಗ ಯಾರೋ ಹೊಸ ಗೇರ್ ತಂದರು. ಗಂಟೆಗೆ ಹಾನಿ 40% ಕಡಿಮೆ. ಕೇಳಲು ತುಂಬ ಚೆನ್ನಾಗಿದೆ. ಆದರೆ ಮೀನೂ 40% ಕಡಿಮೆಯಾಯಿತು. ಗಂಟೆಗೆ 60 ಕಿಲೋ. ಅದೇ 1,000 ಕಿಲೋಗೆ ಈಗ 16 ಗಂಟೆ 40 ನಿಮಿಷ ಎಳೆಯಬೇಕು. ಹಾನಿಯನ್ನು ಕೂಡಿಸಿ ನೋಡಿ, ಹಳೆಯಷ್ಟೇ ಬರುತ್ತದೆ. ಡೀಸೆಲ್ ಮಾತ್ರ ಜಾಸ್ತಿ ಸುಟ್ಟಿತು. ಆದ್ದರಿಂದ ಒಂದು ಎಳೆತಕ್ಕೆ ಎಷ್ಟು ಹಾನಿ ಅಂತ ಕೇಳಿದರೆ ಸಾಲದು. ಒಂದು ಕಿಲೋ ಮೀನಿಗೆ ಎಷ್ಟು ಹಾನಿ ಅಂತ ಕೇಳಬೇಕು. ಹೊಸ ಗೇರ್ ಬಗ್ಗೆ ಯಾರಾದರೂ ಹೇಳಿದಾಗ ನಾನು ಮೊದಲು ಹುಡುಕುವುದು ಈ ಸಂಖ್ಯೆಯನ್ನೇ.

ಈ ಲೆಕ್ಕದಲ್ಲಿ ಗೆದ್ದ ಉದಾಹರಣೆ ಅಲಾಸ್ಕಾದ ಪಕ್ಕದ ಬೇರಿಂಗ್ ಸಮುದ್ರದ್ದು. ಅಲ್ಲಿ ಚಪ್ಪಟೆ ಮೀನಿಗಾಗಿ ದೊಡ್ಡ ಟ್ರಾಲರುಗಳು ಎಳೆಯುತ್ತವೆ. ಅದೇ ತಳದಲ್ಲಿ ಬೆಲೆಬಾಳುವ ಏಡಿಗಳಿವೆ. ಸ್ವೀಪ್ ಹರಿದು ಹೋದಾಗ ಏಡಿಗಳು ಜಜ್ಜಿ ಹೋಗುತ್ತಿದ್ದವು. ಅವು ಬಲೆಗೆ ಬರುವುದಿಲ್ಲ, ಹಾಗಾಗಿ ಯಾರ ಲೆಕ್ಕಕ್ಕೂ ಸಿಗುತ್ತಿರಲಿಲ್ಲ. ಅಮೆರಿಕದ ಸರ್ಕಾರಿ ಮೀನುಗಾರಿಕೆ ಸಂಸ್ಥೆಯ ವಿಜ್ಞಾನಿ ಕ್ರೇಗ್ ರೋಸ್ ಮತ್ತು ಅವರ ತಂಡದವರು ಒಂದು ಸರಳ ಪ್ರಶ್ನೆ ಕೇಳಿದರು. ಮೀನನ್ನು ಒತ್ತರಿಸಲು ಹಗ್ಗ ತಳಕ್ಕೆ ತಾಗಲೇಬೇಕಾ? ಸ್ವಲ್ಪ ಮೇಲೆ ತೇಲಿಕೊಂಡು ಬಂದರೂ ಮೀನು ಹೆದರಿ ಸರಿಯುವುದಿಲ್ಲವಾ?

ಅವರು ಸ್ವೀಪ್‌ಗೆ ಅಲ್ಲಲ್ಲಿ ದೊಡ್ಡ ರಬ್ಬರ್ ತಟ್ಟೆಗಳನ್ನು ಪೋಣಿಸಿದರು. ತಟ್ಟೆಗಳಷ್ಟೇ ತಳಕ್ಕೆ ತಾಗುತ್ತವೆ. ನಡುವಿನ ಹಗ್ಗ ಕೆಲವು ಸೆಂಟಿಮೀಟರ್ ಮೇಲೆ ಓಡುತ್ತದೆ. ಮೀನುಗಾರರ ಬೋಟುಗಳಲ್ಲೇ, ಅವರ ಜೊತೆಯಲ್ಲೇ ಇದನ್ನು ಪರೀಕ್ಷೆ ಮಾಡಿದರು. ಎತ್ತರವನ್ನು ಬದಲಿಸುತ್ತಾ ಹೋದರು. ಸುಮಾರು 7.5 ಸೆಂಟಿಮೀಟರ್ ಎತ್ತಿದರೂ ಚಪ್ಪಟೆ ಮೀನಿನ ಸಿಗುವಿಕೆ ಹೆಚ್ಚುಕಡಿಮೆ ಹಾಗೇ ಉಳಿಯಿತು. ಸ್ವೀಪ್ ತಳಕ್ಕೆ ತಾಗುವ ಜಾಗ ಮಾತ್ರ ಸುಮಾರು 90% ಇಳಿಯಿತು. ಏಡಿಗಳ ಸಾವು ಕಡಿಮೆಯಾಯಿತು. ತಳದಲ್ಲಿ ನಿಂತು ಬೆಳೆಯುವ ಜೀವಿಗಳಿಗೂ ಪೆಟ್ಟು ಕಡಿಮೆಯಾಯಿತು. 2011ರಿಂದ ಬೇರಿಂಗ್ ಸಮುದ್ರದ ಚಪ್ಪಟೆ ಮೀನಿನ ಟ್ರಾಲರುಗಳಿಗೆ ಇದು ಕಡ್ಡಾಯ. ಹಗ್ಗ ಕನಿಷ್ಠ ಎರಡೂವರೆ ಇಂಚು, ಅಂದರೆ 6.35 ಸೆಂಟಿಮೀಟರ್, ಮೇಲೆ ಇರಬೇಕು. 2014ರಲ್ಲಿ ಅಲಾಸ್ಕಾ ಕೊಲ್ಲಿಗೂ ಈ ನಿಯಮ ಬಂತು.

ಇಲ್ಲಿ ಗೆದ್ದ ಕಾರಣವನ್ನು ಗಮನಿಸಬೇಕು. ಮೀನಿನ ನಡವಳಿಕೆಯನ್ನು ಅರ್ಥ ಮಾಡಿಕೊಂಡ ಮೇಲೆ ಗೇರನ್ನು ತಿದ್ದಿದರು. ಚಪ್ಪಟೆ ಮೀನು ಹಗ್ಗ ಹತ್ತಿರ ಬಂದಾಗ ಸರಿದು ಹೋಗುತ್ತದೆ, ಹಗ್ಗದ ಕೆಳಗೆ ನುಸುಳುವುದು ಕಡಿಮೆ. ಆ ಗುಣದ ಮೇಲೆ ಇಡೀ ಉಪಾಯ ನಿಂತಿದೆ. ಕೆಸರಿನೊಳಗೆ ಹುದುಗಿ ಕೂರುವ ಮೀನಿಗೆ ಇದೇ ಉಪಾಯ ಮಾಡಿದರೆ ಬಲೆ ಖಾಲಿ ಬರುತ್ತದೆ. ಆದ್ದರಿಂದ ಒಂದು ಕಡೆ ಗೆದ್ದ ಗೇರನ್ನು ಇನ್ನೊಂದು ಕಡೆಗೆ ಹಾಗೇ ಹೊತ್ತುಕೊಂಡು ಹೋಗಬಾರದು.

ಇನ್ನು ಬೋರ್ಡಿನ ವಿಷಯ. ಬೋರ್ಡು ಬಲೆಯನ್ನು ಅಗಲಿಸಲು ಎರಡು ಬಲಗಳನ್ನು ಬಳಸಬಹುದು. ಒಂದು ನೀರಿನ ಒತ್ತಡ. ಇನ್ನೊಂದು ಮಣ್ಣಿನ ಆಸರೆ. ಹಳೆಯ ಮಾದರಿಯ ಚಪ್ಪಟೆ ಬೋರ್ಡುಗಳು ಮಣ್ಣನ್ನು ಒದ್ದುಕೊಂಡೇ ಸಾಗುತ್ತವೆ. ದೊಡ್ಡ ಓರೆ ಕೋನದಲ್ಲಿ ಹೋಗುವಾಗ ನೇಗಿಲಿನ ಹಾಗೆ ಮಣ್ಣನ್ನು ಪಕ್ಕಕ್ಕೆ ಮಗುಚುತ್ತವೆ. ಬೋರ್ಡನ್ನು ವಿಮಾನದ ರೆಕ್ಕೆಯ ಹಾಗೆ ಬಾಗಿಸಿ, ಎತ್ತರ ಜಾಸ್ತಿ ಅಗಲ ಕಡಿಮೆ ಮಾಡಿದರೆ ನೀರಿನ ಒತ್ತಡವೊಂದೇ ಸಾಕಾಗುತ್ತದೆ. ಆಗ ಬೋರ್ಡನ್ನು ತಳದಿಂದ ಮೇಲೆತ್ತಿ ನೀರಿನಲ್ಲೇ ಓಡಿಸಬಹುದು. ಬಲೆ ಮಾತ್ರ ತಳದಲ್ಲಿರುತ್ತದೆ. ಬೋರ್ಡಿನ ಮೇಲೆ ಸೆನ್ಸರ್ ಇದ್ದರೆ ಅದು ತಳದಿಂದ ಎಷ್ಟು ಮೇಲಿದೆ ಅಂತ ಬೋಟಿನಲ್ಲಿ ಕೂತು ನೋಡಬಹುದು.

ಆಸ್ಟ್ರೇಲಿಯಾದ ಸಿಗಡಿ ಟ್ರಾಲ್‌ಗಳಿಗಾಗಿ ರೂಪಿಸಿದ ‘ಬ್ಯಾಟ್‌ವಿಂಗ್’ ಬೋರ್ಡು ಇದನ್ನೇ ಇನ್ನೊಂದು ರೀತಿಯಲ್ಲಿ ಬಿಡಿಸಿತು. ಅಗಲಿಸುವ ಕೆಲಸವನ್ನು ಮೇಲಿನ ಹಗುರ ಹಾಯಿ ಮಾಡುತ್ತದೆ. ತಳಕ್ಕೆ ತಾಗುವ ಉಕ್ಕಿನ ಪಾದ ಎಳೆಯುವ ದಿಕ್ಕಿಗೆ ನೇರವಾಗಿ ನಿಂತಿರುತ್ತದೆ. ಹಲಗೆಯೊಂದನ್ನು ಅಡ್ಡ ಹಿಡಿದು ಮಣ್ಣಿನಲ್ಲಿ ತಳ್ಳುವುದಕ್ಕೂ, ಅದೇ ಹಲಗೆಯನ್ನು ಉದ್ದುದ್ದ ಜಾರಿಸುವುದಕ್ಕೂ ಇರುವ ವ್ಯತ್ಯಾಸ ಇದು. ಪಾದದ ಗುರುತು ಬಹಳ ಕಿರಿದಾಗುತ್ತದೆ.

ಬೋರ್ಡು ಬದಲಿಸಲು ಮೀನುಗಾರ ಯಾಕೆ ಒಪ್ಪುತ್ತಾನೆ? ಡೀಸೆಲ್ ಉಳಿಯುತ್ತದೆ, ಅದಕ್ಕೆ. ಮಣ್ಣನ್ನು ಅಗೆಯುವ ಶಕ್ತಿ ಇಂಜಿನ್ನಿನಿಂದಲೇ ಬರಬೇಕು ಅಲ್ವಾ? ತಳಕ್ಕೆ ಆಗುವ ಗಾಯವೂ ಬೋಟಿನ ಡೀಸೆಲ್ ಬಿಲ್ಲೂ ಬಹಳ ಮಟ್ಟಿಗೆ ಒಂದೇ ನಾಣ್ಯದ ಎರಡು ಮುಖ. ಈ ಕ್ಷೇತ್ರದಲ್ಲಿ ನನಗೆ ಅತ್ಯಂತ ಭರವಸೆ ಕೊಡುವ ಸಂಗತಿ ಇದೇ. ಕಡಲಿನ ಹಿತವೂ ಮೀನುಗಾರನ ಜೇಬಿನ ಹಿತವೂ ಇಲ್ಲಿ ಒಂದೇ ಕಡೆಗೆ ಎಳೆಯುತ್ತವೆ. ಆದರೆ ಹೊಸ ಬೋರ್ಡಿನ ಬೆಲೆಯನ್ನು ಮೊದಲೇ ಕೊಡಬೇಕು, ಉಳಿತಾಯ ಆಮೇಲೆ ಬರುತ್ತದೆ. ಸಣ್ಣ ಬೋಟಿನವರಿಗೆ ಆ ನಡುವಿನ ಕಾಲವೇ ಕಷ್ಟ. ಅಲ್ಲಿ ಸಾಲವೋ ಸಹಾಯಧನವೋ ಕೊಟ್ಟರೆ ಕಡಲಿಗೂ ಕೊಟ್ಟ ಹಾಗೆ.

ಬಲೆಯ ಕೆಳ ಅಂಚಿನಲ್ಲೂ ಇದೇ ತರಹದ ಕೆಲಸ ನಡೆದಿದೆ. ರಬ್ಬರ್ ಗಾಲಿಗಳು ಉರುಳುತ್ತವೆ ಅಂತ ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಹಗ್ಗ ಕಮಾನಿನ ಹಾಗೆ ಬಾಗಿರುವುದರಿಂದ ಅಂಚಿನ ಗಾಲಿಗಳು ಓರೆಯಾಗಿ ನಿಂತು ಉಜ್ಜಿಕೊಂಡೇ ಹೋಗುತ್ತವೆ. ಪ್ರತಿ ಗಾಲಿಯನ್ನೂ ಎಳೆಯುವ ದಿಕ್ಕಿಗೆ ತಿರುಗಿಸಿ ಕಟ್ಟಿದರೆ ಅದು ಉರುಳುತ್ತದೆ. ಉರುಳುವ ಗಾಲಿ ಮಣ್ಣನ್ನು ಕೆದಕುವುದು ಕಡಿಮೆ. ಗಾಲಿಗಳ ಸಂಖ್ಯೆಯನ್ನೇ ಇಳಿಸುವುದು, ಅಥವಾ ಅಂಚನ್ನು ಮೇಲೆತ್ತಿ ಚಿಕ್ಕ ಸರಪಳಿಗಳನ್ನು ಮಾತ್ರ ಇಳಿಬಿಡುವುದು ಇನ್ನೆರಡು ದಾರಿ.

ಇಷ್ಟೆಲ್ಲ ಓದಿ ತಳಕ್ಕೆ ತಾಗದಿದ್ದರೆ ಆಯಿತು ಅಂತ ಅನ್ನಿಸಬಹುದು. ಪೂರ್ತಿ ಹಾಗಿಲ್ಲ. ನೀರಿನಲ್ಲಿ ಯಾವುದೇ ವಸ್ತು ಓಡಿದರೂ ಹಿಂದೆ ಸುಳಿ ಏಳುತ್ತದೆ. ಆ ಸುಳಿ ನುಣ್ಣನೆಯ ಹೂಳನ್ನು ಎಬ್ಬಿಸುತ್ತದೆ. ಹೂಳು ಎಷ್ಟು ಏಳುತ್ತದೆ ಅನ್ನುವುದು ಗೇರಿನ ಭಾರಕ್ಕಿಂತ, ಅದು ನೀರನ್ನು ಎಷ್ಟು ತಡೆಯುತ್ತದೆ ಅನ್ನುವುದರ ಮೇಲೆ ನಿಂತಿದೆ ಅಂತ ಸ್ಕಾಟ್ಲೆಂಡಿನಲ್ಲಿ ನಡೆದ ಅಳತೆಗಳು ತೋರಿಸಿವೆ. ಹಾಗಾಗಿ ದಪ್ಪ ಹಗ್ಗವನ್ನು ಮೇಲೆತ್ತಿದರೆ ಜೀವಿಗಳು ಜಜ್ಜಿಹೋಗುವುದು ತಪ್ಪುತ್ತದೆ, ಹೂಳು ಏಳುವುದು ಅಷ್ಟಾಗಿ ತಪ್ಪುವುದಿಲ್ಲ. ಅದಕ್ಕೆ ಗೇರನ್ನೇ ತೆಳುವು ಮಾಡಬೇಕು, ವೇಗ ಇಳಿಸಬೇಕು.

ಹೂಳಿನ ಜೊತೆ ಇಂಗಾಲದ ಮಾತೂ ಬರುತ್ತದೆ. 2021ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ, ಟ್ರಾಲಿಂಗ್‌ನಿಂದ ತಳದ ಇಂಗಾಲ ಭಾರೀ ಪ್ರಮಾಣದಲ್ಲಿ ನೀರಿಗೆ ಸೇರುತ್ತಿದೆ ಎಂದಿತು. 2023ರಲ್ಲಿ ಅದೇ ಪತ್ರಿಕೆಯಲ್ಲಿ ಬೇರೆ ವಿಜ್ಞಾನಿಗಳು ಆ ಲೆಕ್ಕ ವಿಪರೀತ ಹೆಚ್ಚಾಯಿತು ಎಂದು ತಕರಾರು ತೆಗೆದರು. ಚರ್ಚೆ ನಡೆದಿದೆ. ಗೇರ್ ತಿದ್ದುವುದಕ್ಕೆ ಈ ಚರ್ಚೆ ಮುಗಿಯಲಿ ಅಂತ ಕಾಯಬೇಕಿಲ್ಲ. ಜೀವಿಗಳಿಗೆ ಆಗುವ ಹಾನಿಯ ಲೆಕ್ಕ ಈಗಾಗಲೇ ಸ್ಪಷ್ಟವಾಗಿದೆ.

ಈಗ ಒಂದು ನೋವಿನ ಕತೆ. ಉತ್ತರ ಸಮುದ್ರದಲ್ಲಿ ಡಚ್ ಮೀನುಗಾರರು ಸೋಲ್ ಎಂಬ ಚಪ್ಪಟೆ ಮೀನು ಹಿಡಿಯುತ್ತಾರೆ. ಸೋಲ್ ಮರಳಿನಲ್ಲಿ ಹುದುಗಿರುತ್ತದೆ. ಅದನ್ನು ಎಬ್ಬಿಸಲು ಬೀಮ್ ಟ್ರಾಲ್‌ನ ಮುಂದೆ ಸಾಲು ಸಾಲು ಭಾರದ ಸರಪಳಿ ಕಟ್ಟುತ್ತಾರೆ. ಹೊಲಕ್ಕೆ ಕುಂಟೆ ಹೊಡೆದ ಹಾಗೇ ಅದು. ಇದರ ಬದಲು ಸರಪಳಿ ತೆಗೆದು ವಿದ್ಯುತ್ ತಂತಿಗಳನ್ನು ಕಟ್ಟಿದರು. ಸಣ್ಣ ವಿದ್ಯುತ್ ಮಿಡಿತಕ್ಕೆ ಸೋಲ್ ಸೆಟೆದು ಮೇಲೆ ಬರುತ್ತದೆ. ಬೋಟು ನಿಧಾನ ಹೋದರೂ ಸಾಕು. ಡೀಸೆಲ್ ಹೆಚ್ಚುಕಡಿಮೆ ಅರ್ಧ ಉಳಿಯಿತು. ತಳದ ಮೇಲಿನ ಗಾಯವೂ ಇಳಿಯಿತು. ಕಿಲೋ ಮೀನಿಗೆ ಎಷ್ಟು ಹಾನಿ ಅನ್ನುವ ಪರೀಕ್ಷೆಯಲ್ಲೂ ಇದು ಪಾಸಾಯಿತು.

ಆದರೂ ಅದು ಇಂದು ಇಲ್ಲ. ಯುರೋಪಿನಲ್ಲಿ 1998ರಿಂದ ವಿದ್ಯುತ್ ಮೀನುಗಾರಿಕೆ ನಿಷೇಧವಿತ್ತು. 2007ರಿಂದ ಬೀಮ್ ಟ್ರಾಲ್ ಬೋಟುಗಳ 5%ಗೆ ಮಾತ್ರ ವಿನಾಯಿತಿ ಕೊಟ್ಟರು. ಆಮೇಲೆ ಪ್ರಯೋಗದ ಹೆಸರಿನಲ್ಲಿ ಡಚ್ಚರ ಪರವಾನಗಿಗಳು 84ಕ್ಕೆ ಏರಿದವು. ಫ್ರಾನ್ಸ್ ಮತ್ತು ಇಂಗ್ಲೆಂಡಿನ ಸಣ್ಣ ಮೀನುಗಾರರು ಸಿಟ್ಟಾದರು. ನಮ್ಮ ಜಾಗದ ಮೀನನ್ನು ಈ ದೊಡ್ಡ ಬೋಟುಗಳು ಬಳಿದುಕೊಂಡು ಹೋಗುತ್ತಿವೆ ಎಂದರು. ಬೇರೆ ಜೀವಿಗಳಿಗೆ ವಿದ್ಯುತ್ತಿನಿಂದ ಏನಾಗುತ್ತದೆ ಅನ್ನುವ ಆತಂಕವೂ ಸೇರಿತು. 2018ರ ಜನವರಿಯಲ್ಲಿ ಯುರೋಪಿನ ಸಂಸತ್ತು ನಿಷೇಧದ ಪರ ಮತ ಹಾಕಿತು. 2021ರ ಜುಲೈ 1ರಿಂದ ಪೂರ್ತಿ ನಿಂತಿತು. ಸೋಲ್ ಹಿಡಿಯಲು ವಿದ್ಯುತ್ ಮಿಡಿತದ ಈ ‘ಪಲ್ಸ್’ ಗೇರ್ ಸರಪಳಿಗಿಂತ ಪರಿಸರಕ್ಕೆ ಕಡಿಮೆ ಹಾನಿ ಮಾಡುತ್ತದೆ ಎಂದು ಕಡಲ ವಿಜ್ಞಾನದ ಅಂತರರಾಷ್ಟ್ರೀಯ ಸಂಸ್ಥೆ ಐಸಿಇಎಸ್ ಹೇಳಿದ್ದೂ ಉಪಯೋಗಕ್ಕೆ ಬರಲಿಲ್ಲ. ಬೋಟುಗಳು ಮತ್ತೆ ಸರಪಳಿಗೆ ಮರಳಿದವು.

ಸಣ್ಣ ಮೀನುಗಾರರನ್ನು ನಾನು ತಪ್ಪು ಅನ್ನುವುದಿಲ್ಲ. ಯಾರು, ಎಲ್ಲಿ, ಎಷ್ಟು ಹಿಡಿಯಬೇಕು ಅನ್ನುವ ಹಕ್ಕಿನ ಜಗಳವನ್ನು ಮೊದಲೇ ಬಗೆಹರಿಸಬೇಕಿತ್ತು. ಅದನ್ನು ಬಿಟ್ಟು ಪರವಾನಗಿ ಹೆಚ್ಚಿಸುತ್ತಾ ಹೋದರು. ಪಕ್ಕದವರ ಒಪ್ಪಿಗೆ ಇಲ್ಲದೆ ತಂದ ಗೇರ್ ಎಷ್ಟೇ ಒಳ್ಳೆಯದಿದ್ದರೂ ಉಳಿಯುವುದಿಲ್ಲ. ಬೇರಿಂಗ್ ಸಮುದ್ರದಲ್ಲಿ ಎಲ್ಲರನ್ನೂ ಜೊತೆಗಿಟ್ಟುಕೊಂಡು ಪರೀಕ್ಷೆ ಮಾಡಿದ್ದಕ್ಕೂ ಇದಕ್ಕೂ ಇರುವ ಅಂತರ ಅಲ್ಲಿದೆ.

ಇನ್ನು ಹವಳದ ಮಾತು. ಆಳದ ತಣ್ಣೀರಿನಲ್ಲಿ ಬೆಳೆಯುವ ಹವಳ ವರ್ಷಕ್ಕೆ ಕೆಲವೇ ಮಿಲಿಮೀಟರ್, ಕೆಲವು ಜಾತಿಗಳು ಅದಕ್ಕಿಂತಲೂ ಎಷ್ಟೋ ಕಡಿಮೆ ಬೆಳೆಯುತ್ತವೆ. ಹವಾಯಿ ಬಳಿ ಸಿಕ್ಕ ಕಪ್ಪು ಹವಳವೊಂದರ ವಯಸ್ಸು 4,000 ವರ್ಷ ದಾಟಿತ್ತು. ಇಂಥ ಕಡೆ ಎರಡೂವರೆ ಇಂಚು ಎತ್ತಿ ಏನು ಉಪಯೋಗ? ಒಂದೇ ಒಂದು ಸಲ ಎಳೆದರೂ ಮುಗಿಯಿತು. ಇಲ್ಲಿ ಗೇರಿನ ಮಾತೇ ಬೇಡ, ಬೇಲಿಯೇ ಬೇಕು. ಮೆಡಿಟರೇನಿಯನ್‌ನಲ್ಲಿ 2005ರಿಂದ 1,000 ಮೀಟರಿಗಿಂತ ಆಳದಲ್ಲಿ ಟ್ರಾಲಿಂಗ್ ಇಲ್ಲ. ಯುರೋಪಿಯನ್ ಒಕ್ಕೂಟ 2016ರಲ್ಲಿ ಈಶಾನ್ಯ ಅಟ್ಲಾಂಟಿಕ್‌ನ ತನ್ನ ನೀರಿನಲ್ಲಿ 800 ಮೀಟರಿಗೆ ಗೆರೆ ಎಳೆಯಿತು.

ಹಾಗಾಗಿ ತಳವನ್ನು ಎರಡಾಗಿ ನೋಡಬೇಕು. 2018ರಲ್ಲಿ ಜಗತ್ತಿನ 24 ಕಡಲ ಪ್ರದೇಶಗಳ ಲೆಕ್ಕ ಬಂತು. ಒಟ್ಟು ಸೇರಿಸಿದರೆ ಟ್ರಾಲ್ ತಾಗಿದ್ದು ತಳದ 14% ಮಾತ್ರ. ಕೆಲವು ಕಡೆ 10%ಗಿಂತ ಕಡಿಮೆ. ಯುರೋಪಿನ ಕೆಲವು ಸಮುದ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ. ಮೀನು ಸಿಗುವ ಅದೇ ಜಾಗದಲ್ಲಿ ಬೋಟುಗಳು ಮತ್ತೆ ಮತ್ತೆ ಎಳೆಯುತ್ತವೆ. ಈವರೆಗೆ ಟ್ರಾಲ್ ಕಾಣದ ತಳದಲ್ಲಿ ಮೊದಲ ಎಳೆತವೇ ದೊಡ್ಡ ಪೆಟ್ಟು. ಅದನ್ನು ಮುಟ್ಟದಿರುವುದು ಎಲ್ಲಕ್ಕಿಂತ ಅಗ್ಗದ, ಎಲ್ಲಕ್ಕಿಂತ ದೊಡ್ಡ ಉಳಿತಾಯ. ಈಗಾಗಲೇ ಎಳೆಯುತ್ತಿರುವ ಜಾಗದಲ್ಲಿ ಒಳ್ಳೆಯ ಗೇರ್ ಬರಲಿ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2012ರಲ್ಲಿ ಮೀನುಗಾರರೂ ಪರಿಸರ ಸಂಘಟನೆಗಳೂ ಕೂತು ಒಪ್ಪಂದ ಮಾಡಿಕೊಂಡರು. ಟ್ರಾಲಿಂಗ್ ನಡೆಯುವ ಜಾಗಕ್ಕೆ ಗಡಿ ಹಾಕಿದರು. ಗಡಿಯ ಒಳಗೂ ಬಲೆಗೆ ಬರುವ ಹವಳ ಮತ್ತು ಸ್ಪಂಜಿಗೆ ಮಿತಿ ಇಟ್ಟರು. ಮೀನಿಗೆ ಕೋಟಾ ಇರುವ ಹಾಗೇ ಹವಳಕ್ಕೂ ಕೋಟಾ. ಗಡಿಯೊಳಗೆ ಯಾವ ಗೇರ್ ಬಳಸಬೇಕು, ಎಲ್ಲಿ ಎಳೆಯಬೇಕು ಅಂತ ಯಾರೂ ಹೇಳಿಕೊಡಬೇಕಿಲ್ಲ. ಹವಳ ಇರುವ ಜಾಗವನ್ನು ಬೋಟಿನ ನಾಯಕನೇ ನೆನಪಿಟ್ಟು ತಪ್ಪಿಸುತ್ತಾನೆ. ನನಗೆ ಇದು ಬಹಳ ಇಷ್ಟವಾದ ನಿಯಮ.

ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗುವ ದಾರಿ ಇನ್ನೊಂದಿದೆ. ಕಡಲಲ್ಲಿ ಮೀನು ಜಾಸ್ತಿ ಇದ್ದರೆ ಅಷ್ಟೇ ಮೀನನ್ನು ಕಡಿಮೆ ಗಂಟೆಯಲ್ಲಿ ಹಿಡಿಯಬಹುದು. ಮೀನಿನ ಸಂತತಿ ಎರಡು ಪಟ್ಟಾದರೆ ಅಷ್ಟೇ ಹಿಡಿಯಲು ಸುಮಾರು ಅರ್ಧ ಹೊತ್ತು ಎಳೆದರೆ ಸಾಕು. ತಳಕ್ಕೆ ಬೀಳುವ ಪೆಟ್ಟೂ ಅರ್ಧ. ಬೋರ್ಡು, ಸ್ವೀಪ್, ಗಾಲಿ ಯಾವುದನ್ನೂ ಮುಟ್ಟದೆ ಬರುವ ಲಾಭ ಇದು. ಮಿತಿಮೀರಿ ಹಿಡಿದು ಮೀನು ಕಡಿಮೆಯಾದ ಕಡಲಲ್ಲಿ ಇದರ ಉಲ್ಟಾ ನಡೆಯುತ್ತದೆ. ಅದೇ ಒಂದು ಬುಟ್ಟಿ ಮೀನಿಗೆ ಬೋಟು ದಿನವಿಡೀ ತಳವನ್ನು ಉಜ್ಜುತ್ತದೆ.

ನಿಯಮ ಬರೆಯುವವರಿಗೆ ಒಂದು ಮಾತು. ‘ಪರಿಸರಸ್ನೇಹಿ ಗೇರ್ ಬಳಸಿ’ ಅಂತ ಬರೆದರೆ ಯಾರೂ ಅಳೆಯಲಾರರು. ಅಲಾಸ್ಕಾದ ನಿಯಮ ಬರೆದದ್ದು ಅಂತರವನ್ನು. ಸ್ವೀಪನ್ನು ಗಟ್ಟಿ ನೆಲದ ಮೇಲೆ ಇಡಬೇಕು, ತಟ್ಟೆಯ ಪಕ್ಕದಲ್ಲಿ ಹಗ್ಗಕ್ಕೂ ನೆಲಕ್ಕೂ ಎಷ್ಟು ಜಾಗ ಇದೆ ಅಂತ ನೋಡಬೇಕು. ಎರಡೂವರೆ ಇಂಚು ಇದೆಯೋ ಇಲ್ಲವೋ. ಬೋಟು ಕಡಲಿಗೆ ಇಳಿಯುವ ಮೊದಲು ಒಂದು ಟೇಪು ಹಿಡಿದು ಯಾರು ಬೇಕಾದರೂ ನೋಡಬಹುದು.